ಕರಡಿಗೆ ಇಲ್ಲದ ಕೊರಳು

ನಲವತ್ತಾರು ವರ್ಷದ ಬಾಳಿನಲ್ಲಿ ನಾನು ಮೀನಿನ ಮಾರುಕಟ್ಟೆಗೆ ಕಾಲಿಟ್ಟದ್ದು ಒಂದೇ ಸಲ. ಅದೂ ಮೀನಿಗಾಗಿ ಅಲ್ಲ, ತಮ್ಮನಿಗಾಗಿ.

ದಾವಣಗೆರೆಯಿಂದ ಹರಿಹರಕ್ಕೆ ಬೈಕಿನಲ್ಲಿ ಅರ್ಧ ಗಂಟೆ. ಐದೂವರೆಗೆಲ್ಲ ಹೊಳೆದಂಡೆಯಲ್ಲಿದ್ದೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಆದರೆ ಅಲ್ಲಿ ಸಂತೆಯೇ ನೆರೆದಿತ್ತು. ಮಂಗಳೂರಿನ ಲಾರಿಯಿಂದ ಐಸಿನ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. ಹೊಳೆಮೀನಿನವರು ಬುಟ್ಟಿಗಳನ್ನು ನೆಲಕ್ಕೆ ಸುರುವಿ ಹರಾಜು ಕೂಗುತ್ತಿದ್ದರು. ಬಾಯಿ ಆಡಿಸುತ್ತಿದ್ದ ಕಾಟ್ಲಾ ಮೀನುಗಳ ಮೇಲೆ ಜನ ಬಗ್ಗಿ ನಿಂತಿದ್ದರು. ನಾನು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ನಡೆದೆ. ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ಮೀನು ಎಂಬ ಶಬ್ದವನ್ನೂ ಆಡುವುದಿಲ್ಲ. ಆಡಲೇಬೇಕಾಗಿ ಬಂದರೆ ಅವ್ವ ‘ನೀರಿನ ಪದಾರ್ಥ’ ಎನ್ನುತ್ತಾಳೆ.

ತಮ್ಮ ಕೊಟ್ಟೂರೇಶ ಮನೆ ಬಿಟ್ಟು ಅವತ್ತಿಗೆ ಹದಿನಾರು ದಿನ. ಹನ್ನೊಂದು ದಿನಗಳ ಹಿಂದೆ ಇಲ್ಲಿನ ಬೆಸ್ತರ ಬಲೆಗೆ ಒಂದು ಹೆಣ ಸಿಕ್ಕಿತ್ತು. ಅದು ಅವನದೋ ಅಲ್ಲವೋ ಎಂದು ತಿಳಿಯಬೇಕಿತ್ತು. ನಿಜ ಹೇಳಬೇಕೆಂದರೆ, ಅಲ್ಲ ಎಂದು ಯಾರಾದರೂ ಹೇಳಲಿ ಅಂತಲೇ ಬಂದಿದ್ದೆ.

ಜಗಳ ಶುರುವಾದದ್ದೂ ಮೀನಿನಿಂದಲೇ. ಕೊಟ್ಟೂರೇಶ ಈ ಮಾರುಕಟ್ಟೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕುಳಿತು ಕರಿದ ಮೀನು ತಿನ್ನುವುದನ್ನು ನಮ್ಮ ಬೀಗರೊಬ್ಬರು ಕಂಡರು. ಕಂಡವರು ಸುಮ್ಮನಿದ್ದಾರೆಯೇ? ನಮ್ಮ ಜವಳಿ ಅಂಗಡಿಗೇ ಬಂದು ಗಿರಾಕಿಗಳ ಎದುರಿಗೆ ಹೇಳಿದರು. ನನಗೆ ತಲೆ ಎತ್ತಲಾಗಲಿಲ್ಲ. ಸಂಜೆ ಶಟರ್ ಎಳೆದ ಮೇಲೆ ತಮ್ಮನನ್ನು ನಿಲ್ಲಿಸಿ ಕೇಳಿದೆ. ಹೌದು ತಿಂದೆ, ರುಚಿಯಾಗಿತ್ತು ಎಂದ. ಸುಳ್ಳು ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಅವನ ಕೊರಳಿಗೆ ಕೈ ಹಾಕಿ, ಶಿವದಾರ ಹರಿದು, ಲಿಂಗದ ಬೆಳ್ಳಿ ಕರಡಿಗೆಯನ್ನು ಕಿತ್ತುಕೊಂಡೆ.

“ಮೀನು ತಿಂದ ಬಾಯಿಗೆ ಲಿಂಗ ಯಾಕ?” ಎಂದೆ.

ಕೂಸಾಗಿದ್ದಾಗ ಅವನ ಕೊರಳಿಗೆ ಬಿದ್ದ ಲಿಂಗ ಅದು, ಮೂವತ್ತೊಂದು ವರ್ಷ ಮೈಬಿಟ್ಟು ಇಳಿದಿರಲಿಲ್ಲ. ಅವನು ಬರಿಗೊರಳನ್ನು ಎರಡು ಸಲ ಸವರಿಕೊಂಡ. ಬೆಳಗಾಗುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು. ಸ್ಕೂಟರ್ ದಾವಣಗೆರೆಯ ರೈಲ್ವೆ ಸ್ಟೇಷನ್ನಿನ ಮುಂದೆ ಸಿಕ್ಕಿತು. ಎಲ್ಲಿಗೋ ಹೋಗಿದ್ದಾನೆ, ಸಿಟ್ಟಿಳಿದ ಮೇಲೆ ಬರುತ್ತಾನೆ ಎಂದು ಎಲ್ಲರೂ ಹೇಳಿದರು. ನನ್ನ ಸಿಟ್ಟೂ ಅಷ್ಟರಲ್ಲಿ ಇಳಿದಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ದೂರು ಬರೆಸುವಾಗ ಪೊಲೀಸರು ಗುರುತಿನ ಚಿಹ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ, ಕೊರಳಲ್ಲಿ ಲಿಂಗ ಇದೆ, ಬೆಳ್ಳಿ ಕರಡಿಗೆ ಎಂದಳು. ಬರೆಯುವವನು ಖಚಿತ ಮಾಡಿಕೊಳ್ಳಲು ನನ್ನ ಮುಖ ನೋಡಿದ. ಅವ್ವನ ಎದುರಿಗೆ ಅದನ್ನು ಕಿತ್ತವನು ನಾನೇ ಎಂದು ಹೇಗೆ ಹೇಳಲಿ? ಹೌದು ಎಂದೆ. ಬೇರೆ ಗುರುತು ಏನಾದರೂ ಇದೆಯೇ ಎಂದು ಕೇಳಿದ. ಅಂಗಡಿಯ ಶಟರ್ ಬಿದ್ದು ಕೊಟ್ಟೂರೇಶನ ಬಲಗೈ ಹೆಬ್ಬೆರಳಿನ ಉಗುರು ಹೋಗಿ ಎಷ್ಟೋ ವರ್ಷವಾಗಿತ್ತು. ಅಲ್ಲಿಂದ ಎದ್ದರೆ ಸಾಕು ಎನ್ನುವ ಗಡಿಬಿಡಿಯಲ್ಲಿ ಅದನ್ನೂ ಹೇಳಲಿಲ್ಲ. ಅವನ ಫೋಟೋ ಹಾಕಿ ಐನೂರು ಕರಪತ್ರ ಹೊಡೆಸಿ ಹರಿಹರದವರೆಗೂ ಅಂಟಿಸಿದೆ. ‘ಕೊರಳಲ್ಲಿ ಬೆಳ್ಳಿ ಕರಡಿಗೆಯ ಲಿಂಗ ಇರುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದವನೂ ನಾನೇ. ಮಠದ ದಾಸೋಹಕ್ಕೆ ಅಕ್ಕಿ ಕಳಿಸುವವನು ನಾನು, ಬಡಾವಣೆಯಲ್ಲಿ ಯಾರ ಮನೆಯ ಜಗಳವಿದ್ದರೂ ಬಿಡಿಸಲು ಹೋಗುವವನು ನಾನು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದರೆ ನನ್ನಂಥವನೇ.

ಮಾರುಕಟ್ಟೆಗೆ ಹೋಗುವ ಹಿಂದಿನ ಸಂಜೆ ಅವ್ವ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಾ ಒಂದು ಮಾತು ಹೇಳಿದಳು. ಹರಿಹರದ ಪೊಲೀಸರು ಹತ್ತು ದಿನದ ಹಿಂದೆಯೇ ಮನೆಗೆ ಫೋನ್ ಮಾಡಿದ್ದರಂತೆ. ಹೊಳೆಯಲ್ಲಿ ಒಂದು ಹೆಣ ಸಿಕ್ಕಿದೆ, ಬಂದು ನೋಡಿ ಎಂದರಂತೆ. ಕೊರಳಲ್ಲಿ ಲಿಂಗ ಇದೆಯೇ ಎಂದು ಅವಳು ಕೇಳಿದಳಂತೆ. ಇಲ್ಲ ಎಂದಿದ್ದಕ್ಕೆ, ಹಾಗಾದರೆ ನಮ್ಮವನಲ್ಲ ಎಂದು ಫೋನ್ ಇಟ್ಟಳಂತೆ. ಸುಮ್ಮನೆ ನಿನ್ನನ್ನು ಯಾಕೆ ಹೆದರಿಸಲಿ ಎಂದು ಹೇಳಲಿಲ್ಲ ಎಂದಳು. ಹೇಳುವಾಗ ಅವಳ ಮುಖದಲ್ಲಿ ನೆಮ್ಮದಿಯಿತ್ತು.

ಕೂಡಲೇ ಆ ಠಾಣೆಗೆ ಫೋನ್ ಮಾಡಿದೆ. ಮೂರು ದಿನ ಕಾದರೂ ವಾರಸುದಾರರು ಯಾರೂ ಬರಲಿಲ್ಲ, ಮಣ್ಣು ಮಾಡಿಸಿದೆವು, ಫೋಟೋ ನೋಡಬೇಕಾದರೆ ನಾಳೆ ಹತ್ತು ಗಂಟೆಗೆ ಬನ್ನಿ ಎಂದರು. ಹೆಣ ಎತ್ತಿದವನು ಹುಲಿಯಪ್ಪ, ಮೀನಿನ ಮಾರುಕಟ್ಟೆಯವನು ಎಂದೂ ಹೇಳಿದರು. ಹತ್ತರವರೆಗೆ ಕಾಯುವ ಶಕ್ತಿ ನನಗಿರಲಿಲ್ಲ.

ಹುಲಿಯಪ್ಪ ಇನ್ನೂ ಹೊಳೆಯಲ್ಲಿದ್ದ. ಅವನ ಹೆಂಡತಿ ಉಡಚಮ್ಮ ಈಳಿಗೆಯ ಮುಂದೆ ಕುಳಿತು ಮೀನು ಕೊಯ್ಯುತ್ತಿದ್ದಳು. ಬಂದ ವಿಷಯ ಹೇಳಿದೆ. ಅವಳು ಕೈ ತೊಳೆದುಕೊಂಡು, ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ, ಸೆರಗಿನಿಂದ ಒರೆಸಿ ಕೂರಿಸಿದಳು. ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಕೊಟ್ಟಳು. ಹೆಣವನ್ನು ದಂಡೆಗೆ ತಂದಾಗ ಅವಳೂ ಅಲ್ಲಿದ್ದಳಂತೆ. ಮೈಮೇಲೆ ಬನಿಯನ್ನು, ಪ್ಯಾಂಟು ಇದ್ದವಂತೆ. ಮುಖ ಗುರುತು ಹಿಡಿಯುವಂತಿರಲಿಲ್ಲವಂತೆ. ಅವತ್ತು ಸಿಕ್ಕ ಮೀನನ್ನೆಲ್ಲ ಅವರು ಹೊಳೆಗೇ ಬಿಟ್ಟು, ಬಲೆಯನ್ನು ಮೂರು ದಿನ ನೀರಿಗೆ ಇಳಿಸಲಿಲ್ಲವಂತೆ. ಮಣ್ಣು ಮಾಡುವಾಗ ತನ್ನವರು ಎನ್ನುವವರು ಯಾರೂ ಇಲ್ಲವಲ್ಲ ಎಂದು ಹುಲಿಯಪ್ಪನೇ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದನಂತೆ.

“ಕೂರ್ಸಿದ್ರಾ?” ಎಂದೆ.

“ಇಲ್ರಿ. ಮಲಗ್ಸಿದ್ರು.”

ನಮ್ಮವರು ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು, ವಿಭೂತಿ ಸುರಿದು ಮಣ್ಣು ಕೊಡುತ್ತೇವೆ. ಲಿಂಗವಿಲ್ಲದವನು ಎಂದಮೇಲೆ ಕೂರಿಸಬೇಕು ಎಂದು ಯಾರಿಗೆ ಹೊಳೆಯಬೇಕು?

ಕೊನೆಗೆ ಕೇಳಬೇಕಾದ್ದನ್ನು ಕೇಳಿದೆ. ನನ್ನ ಬಲಗೈ ಹೆಬ್ಬೆರಳಿನ ಉಗುರನ್ನು ಅವಳ ಮುಂದೆ ಹಿಡಿದೆ. ಅವಳು ಅದನ್ನೂ ನನ್ನ ಮುಖವನ್ನೂ ನೋಡಿದಳು.

“ಉಗುರು ಇರಲಿಲ್ರಿ,” ಎಂದಳು. “ಮೀನು ಕಡಿದಿದ್ದಲ್ಲ. ಹಳೇ ಗಾಯ, ಚರ್ಮ ಕೂಡಿತ್ತು.”

ಹರಾಜಿನವನು ಏನೋ ಕೂಗುತ್ತಿದ್ದ. ಜನ ನನ್ನನ್ನು ತಳ್ಳಿಕೊಂಡು ಓಡಾಡುತ್ತಿದ್ದರು. ಕರ್ಚೀಫು ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಅಷ್ಟು ಹೊತ್ತು ಕಾಡುತ್ತಿದ್ದ ವಾಸನೆ ಆಮೇಲೆ ನನಗೆ ಬರಲೇ ಇಲ್ಲ. ಹದಿನಾರು ದಿನದಿಂದ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ ಕರಡಿಗೆಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಉಡಚಮ್ಮ ಎದುರಿನ ಕಂಬದ ಕಡೆ ಕೈ ಮಾಡಿದಳು. ನಮ್ಮ ಕರಪತ್ರ ಅಲ್ಲಿ ಒದ್ದೆಯಾಗಿ ಜೋತುಬಿದ್ದಿತ್ತು.

“ಆ ಕಾಗದ ನಮ್ಮನೆಯವ್ರೇ ಪೊಲೀಸರಿಗೆ ತೋರ್ಸಿದ್ರು ಸಾವ್ಕಾರ್ರೆ, ಈ ಹುಡುಗ ಇರಬೌದಾ ನೋಡ್ರಿ ಅಂತ. ಕೊರಳಾಗ ಲಿಂಗ ಇಲ್ಲಲ್ಲ ಅಂದ್ರು.” ಅವಳ ಕಣ್ಣು ನನ್ನ ಮುಷ್ಟಿಯಿಂದ ಇಳಿಬಿದ್ದಿದ್ದ ಹರಿದ ದಾರದ ಮೇಲೆ ನಿಂತಿತು. “ಅದು ನಿಮ್ಮ ಕೈಯಾಗ ಯಾಕ ಐತ್ರಿ?”

ನಾನು ದಾರವನ್ನು ಮುಷ್ಟಿಯೊಳಗೆ ಎಳೆದುಕೊಂಡೆ. ಅವಳು ತಲೆ ತಗ್ಗಿಸಿ ಈಳಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಫೋನ್ ಬಡಿದುಕೊಂಡಿತು. ಅವ್ವ. ನಾನು ಹರಿಹರಕ್ಕೆ ಹೋಗಿದ್ದೇನೆಂದು ನನ್ನ ಹೆಂಡತಿಯಿಂದ ತಿಳಿದಿತ್ತಂತೆ. ಸುಮ್ಮನೆ ಓಡಾಟ ಎಂದು ಬೈದಳು.

“ಮೊದ್ಲು ಕೊರಳು ಕೇಳು ರುದ್ರಮುನಿ. ಲಿಂಗ ಇಲ್ಲಂದ್ರ ವಾಪಸ್ ಬಾ.”

“ಲಿಂಗ ನನ್ನ ಹತ್ರ ಐತೆ ಅವ್ವ,” ಎಂದೆ. “ಅವ ಮನೆ ಬಿಡೋ ಹಿಂದಿನ ದಿನ ನಾನೇ ಕಿತ್ಕಂಡಿದ್ದೆ.”

ಮಾರುಕಟ್ಟೆಯ ಗದ್ದಲವೆಲ್ಲ ಅವಳಿಗೆ ಕೇಳುತ್ತಿದ್ದಿರಬೇಕು. ಆಮೇಲೆ, ತನ್ನನ್ನು ತಾನೇ ಕೇಳಿಕೊಳ್ಳುವಂತೆ ಮೆಲ್ಲಗೆ ಕೇಳಿದಳು.

“ಹಂಗಾದ್ರ ಅವತ್ತು ಅವರು ಕರೆದಾಗ, ನಮ್ಮವ ಅಲ್ಲ ಅಂತ ನಾನು ಹೇಳಿದ್ದು ನನ್ನ ಮಗನಿಗೇನೋ?”

ನಾನು ಹೂಂ ಎಂದೆ.