ನಾಲಿಗೆಗೆ ಬಂದ ಸವತಿ

ತಿಯೊದೋರೊ ಒಬೆರಾ ಊರಿನಲ್ಲಿ, ಚಹಾದಂತೆ ಹೀರುವ ಯೆರ್ಬಾ ಸೊಪ್ಪಿನ ಗಿರಣಿಯಲ್ಲಿ ರುಚಿ ನೋಡುವ ಕೆಲಸ ಮಾಡಿ ನಿವೃತ್ತನಾದವನು. ಒಂದು ಗುಟುಕು ಹೀರಿದರೆ ಸಾಕು, ಸೊಪ್ಪು ಯಾರ ತೋಟದ್ದು, ಎಷ್ಟು ಹೊಗೆ ಕುಡಿದಿದೆ ಎಂದು ಹೇಳಿಬಿಡುತ್ತಿದ್ದ. ಊರಿಗೆ ಊರೇ ಆ ನಾಲಿಗೆಗೆ ಮರ್ಯಾದೆ ಕೊಡುತ್ತಿತ್ತು. ಅಂಥವನಿಗೆ ಹೆಂಡತಿ ಇರ್ಮಾ, ಮನೆಯಲ್ಲಿ ಮಾಡುವ ಬಿಯರಿಗೆ ಹುಳಿ ಅಳೆಯುವ ಪಿಎಚ್ ಮೀಟರ್ ತರೋಣ ಎಂದರೆ ಮೈ ಉರಿಯದೆ ಇರುತ್ತದೆಯೇ?

"ಈ ನಾಲಿಗೆ ಇರೋವರ್ಗೂ ಮನೆಗೆ ಇನ್ನೊಂದು ಬರಲ್ಲ," ಎಂದ.

"ಬಂದೋರೆಲ್ಲ ಅರ್ಧ ಲೋಟ ಕುಡಿದು, ಮಿಕ್ಕಿದ್ದನ್ನ ನನ್ನ ಹೂಕುಂಡಕ್ಕೆ ಸುರೀತಾರೆ ಮುದ್ಕಾ. ಗಿಡಕ್ಕೂ ವಾಕರಿಕೆ ಬಂದಿದೆ."

ಮಾತು ಸುಳ್ಳಲ್ಲ. ಅವರ ಬೋರ್‌ವೆಲ್ ನೀರಿನಲ್ಲಿ ಹುಳಿ ಸಾಲದು. ಅದರಲ್ಲಿ ನೆನೆಸಿದ ಬಾರ್ಲಿಯ ಸಿಪ್ಪೆ ಒಗರು ಬಿಡುತ್ತಿತ್ತು. ಊರಿಗೆಲ್ಲ ತಿಳಿದ ಆ ಒಗರು ತಿಯೊದೋರೊನಿಗೊಬ್ಬನಿಗೆ ತಿಳಿಯದು. ಬೆಳಗಿನಿಂದ ಕಹಿ ಯೆರ್ಬಾ ಹೀರುತ್ತಲೇ ಬಿಯರ್ ಕುದಿಸುವವನಿಗೆ ಯಾವ ಒಗರು ತಾನೇ ಒಗರು? ಆದರೆ ಈ ಸಲ ಇರ್ಮಾಳ ತಂಗಿಯ ಮಗಳ ಮದುವೆಗೆ ಪೀಪಾಯಿ ತುಂಬ ಬಿಯರ್ ಕೊಡುತ್ತೇವೆಂದು ಒಪ್ಪಿಕೊಂಡಾಗಿತ್ತು. ನೆಂಟರೆದುರು ಮಾನ ಹೋಗುವುದು ಇರ್ಮಾಳಿಗೆ ಬೇಕಿರಲಿಲ್ಲ. ಗಂಡನನ್ನು ಎಳೆದುಕೊಂಡೇ ಅಂಗಡಿಗೆ ಹೋದಳು.

ಅಂಗಡಿಯ ಗ್ಲಾದಿಸ್ ಎರಡು ಮೀಟರ್ ತೆಗೆದಿಟ್ಟಳು. ಒಂದು ಪೆನ್ನಿನಷ್ಟೇ ಇದ್ದ ಅಗ್ಗದ್ದು. ಇನ್ನೊಂದು ದುಬಾರಿ, ಆದರೆ ಅದರ ಗಾಜಿನ ತುದಿ ಹಳತಾದರೆ ಬಿಚ್ಚಿ ಹೊಸದು ಹಾಕಬಹುದು.

"ಅಗ್ಗದ್ದೇ ಸಾಕು," ಎಂದ ತಿಯೊದೋರೊ. ಬೇಗ ಕೆಟ್ಟರೆ ಪೀಡೆ ತೊಲಗುತ್ತದೆ ಎಂಬುದು ಅವನ ಒಳಲೆಕ್ಕ.

"ಯಾವ್ದೇ ತಗೊಳ್ಳಿ ದೋನ್ ತಿಯೊದೋರೊ, ಕುದಿಯೋದ್ರಲ್ಲಿ ಅದ್ದಬೇಡಿ. ಲೋಟಕ್ಕೆ ತೆಗೆದು ಆರಿಸ್ಕೊಳ್ಳಿ. ಒಣಗೋಕೂ ಬಿಡಬೇಡಿ," ಎಂದಳು ಗ್ಲಾದಿಸ್. "ಎಷ್ಟೇ ಜೋಪಾನ ಮಾಡಿದ್ರೂ ಈ ತುದಿ ಒಂದಿನ ಮಂದ ಆಗುತ್ತೆ. ಆಮೇಲೂ ಠೀವಿಯಿಂದ ನಂಬರ್ ತೋರಿಸ್ತಾನೇ ಇರುತ್ತೆ. ತಪ್ಪು ಹೇಳ್ತಿದೀನಿ ಅಂತ ಅದಕ್ಕೆ ಗೊತ್ತೇ ಆಗಲ್ಲ."

ಇರ್ಮಾ ಛಾವಣಿ ನೋಡತೊಡಗಿದಳು. ತಿಯೊದೋರೊನಿಗೆ ಕಿವಿ ಬಿಸಿಯಾಯಿತು. ಅರ್ಧ ಲೋಟ ಕುಡಿದೆದ್ದವರ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ನಾಚಿಕೆಯಾಯಿತು. ಜೊತೆಗೆ ಆ ಗಾಜಿನ ತುದಿಯ ಮೇಲೆ, ಯಾಕೋ, ಕನಿಕರವೂ ಹುಟ್ಟಿತು.

"ತುದಿ ಬದಲಾಯ್ಸೋಕೆ ಆಗೋದನ್ನೇ ಕೊಡಮ್ಮ," ಎಂದ. "ಮಂದ ಆಯ್ತು ಅಂತ ಪೂರ್ತಿ ಎಸೆಯೋದು ಅನ್ಯಾಯ."

ಮದುವೆಯ ಬಿಯರನ್ನು ಮೀಟರ್ ಹೇಳಿದಂತೆಯೇ ಮಾಡಿದರು. ನೆನೆಸಿದ ಬಾರ್ಲಿಗೆ ಇರ್ಮಾ ತೊಟ್ಟುತೊಟ್ಟಾಗಿ ಹುಳಿ ಬೆರೆಸಿದಳು, ಅವನು ಉಸಿರು ಬಿಗಿಹಿಡಿದು ನಂಬರ್ ಓದಿದ. ಮದುವೆಯ ದಿನ, ಯಾರೂ ಕೇಳುವ ಮೊದಲೇ, ಒಂದು ಲೋಟ ತುಂಬಿಕೊಂಡು ಮೂಲೆಯಲ್ಲಿ ನಿಂತು ಗುಟುಕರಿಸಿದ. ಸಪ್ಪೆ. ಬರೀ ಸಪ್ಪೆ.

ಅಷ್ಟರಲ್ಲಿ ಇರ್ಮಾ ಬಂದಳು. "ಹೇಗಿದೆ?"

ಜೀವಮಾನವಿಡೀ ಆ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವನು ಲೋಟವನ್ನು ಅವಳ ಕೈಗಿಟ್ಟ.

"ನನ್ನ ಬಾಯಿಗೆ ನೀರಿನ ಹಾಗಿದೆ. ನೀನು ಕುಡಿದು ಹೇಳು. ನೀನು ಹೇಳಿದ್ದನ್ನ ನಂಬ್ತೀನಿ."

ಇರ್ಮಾ ಲೋಟವೆತ್ತಿ, ನಡುವೆ ಎಲ್ಲೂ ನಿಲ್ಲಿಸದೆ, ತಳ ಕಾಣುವವರೆಗೂ ಕುಡಿದು, ತುಟಿ ಒರೆಸಿಕೊಂಡಳು.

"ಒಂದು ಲೋಟದಲ್ಲಿ ಹೇಳೋಕಾಗಲ್ಲ," ಎಂದಳು. "ಇನ್ನೊಂದು ತುಂಬ್ಕೊಂಡು ಬಾ."