ಉಗುರಿನಷ್ಟು ಜಾಗ

ಇಪ್ಪತ್ತೆರಡು ವರ್ಷದಿಂದ ಕಾರುಗಳ ವೈರಿಂಗ್ ಮಾಡುತ್ತಿದ್ದೇನೆ. ಕಂಡವರ ಕಾರೆಲ್ಲ ನನ್ನ ಕೈಯಲ್ಲಿ ಸರಿಹೋಗುತ್ತದೆ, ಸ್ವಂತ ತಂಗಿಯ ಕಾರು ಮಾತ್ರ ತಿಂಗಳಿಂದ ನನ್ನ ತಲೆ ತಿನ್ನುತ್ತಿತ್ತು. ಹೊಸ ಬ್ಯಾಟರಿ ಹಾಕಿದೆ. ಆಲ್ಟರ್ನೇಟರ್ ಬದಲಿಸಿದೆ. ಸ್ಟಾರ್ಟರ್ ಮೋಟಾರ್ ಬಿಚ್ಚಿ ಜೋಡಿಸಿದೆ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಬೆಳಿಗ್ಗೆ ಕೀ ತಿರುಗಿಸಿದರೆ ಮತ್ತೆ ಅದೇ ಟಿಕ್ ಟಿಕ್, ಸ್ಟಾರ್ಟ್ ಆಗದು.

ಆ ಕಾರಿನಲ್ಲಿ ಅವಳು ಆರು ಮಕ್ಕಳನ್ನು ಶಾಲೆಗೆ ಬಿಡುತ್ತಾಳೆ. ಅದೇ ಅವಳ ಕೆಲಸ. ಆಗಲೇ ಎರಡು ಸಲ ತಡವಾಗಿತ್ತು. ಇನ್ನೊಂದು ಸಲ ಹೀಗಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ಮಕ್ಕಳ ಮನೆಯವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಇವತ್ತು ಏಳು ಗಂಟೆಗೆ ಫೋನು. "ಅಣ್ಣಾ, ಮತ್ತೆ ಕೈಕೊಡ್ತು. ಏಳೂವರೆಗೆ ಹೊರಡ್ಬೇಕು!"

ಓಡಿದೆ. ಬ್ಯಾಟರಿಗೆ ಮೀಟರ್ ಹಿಡಿದರೆ ಹನ್ನೆರಡೂವರೆ ವೋಲ್ಟ್, ಏನೂ ತೊಂದರೆಯಿಲ್ಲ. ಹೆಡ್‌ಲೈಟ್ ಹಾಕಿದರೆ ಮಿಣುಕು ದೀಪ.

"ಇದರ ಮನೆ ಹಾಳಾಗ!" ಎಂದು ಟೈರಿಗೆ ಒದ್ದೆ. ನೋವಾಗಿದ್ದು ನನ್ನ ಕಾಲಿಗೇ.

ತಂಗಿಯ ಗಂಡ ಪಕ್ಕದಲ್ಲೇ ನಿಂತಿದ್ದ. ಪೇಂಟರ್. ತಿಂಗಳ ಹಿಂದೆ ಈ ಕಾರಿಗೆ ಒಳಗೂ ಹೊರಗೂ ನೀಲಿ ಬಣ್ಣ ಹೊಡೆದವನು ಅವನೇ.

"ಭಾವ, ಒಂದು ಮಾತು..." ಎಂದ.

"ನಿಂದೇನಪ್ಪ ಮಧ್ಯೆ? ಸುಮ್ನಿರು ಪುಣ್ಯಾತ್ಮ!"

ಸುಮ್ಮನಾದ. ತಂಗಿ ಸುಮ್ಮನಾಗಲಿಲ್ಲ. "ತಿಂಗಳಿಂದ ಆ ಬ್ಯಾಟರಿ ತಲೇನೇ ಮುಟ್ಟಿ ಮುಟ್ಟಿ ನೋಡ್ತಿದೀಯ. ಬೇರೆ ಎಲ್ಲೂ ನೋಡಲ್ವಾ?"

ಮೈ ಉರಿಯಿತು. ಆ ಉರಿಯಲ್ಲೇ ಮೀಟರಿನ ಒಂದು ವೈರನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಕಾರಿನ ಬಾಡಿಯ ಕಬ್ಬಿಣಕ್ಕೆ ಹಿಡಿದು, "ಕೀ ತಿರುಗ್ಸು" ಎಂದೆ. ಸೊನ್ನೆ ತೋರಿಸಬೇಕಾದಲ್ಲಿ ನಾಲ್ಕು ವೋಲ್ಟ್! ಬ್ಯಾಟರಿಗೆ ವಾಪಸು ಬರುವ ಕರೆಂಟಿಗೆ ದಾರಿಯಲ್ಲೇ ಎಲ್ಲೋ ತಡೆ ಬಿದ್ದಿತ್ತು. ಬ್ಯಾಟರಿಯ ಮೈನಸ್ಸಿನಿಂದ ಬಂದು ಕಾರಿನ ಬಾಡಿಯ ಮೇಲೆ ಬಿಗಿದಿದ್ದ ಅರ್ತ್ ವೈರಿನ ಬೋಲ್ಟ್ ಬಿಚ್ಚಿದೆ. ಅದರಡಿ ನೀಲಿ ಬಣ್ಣ, ಒಂದಲ್ಲ ಎರಡು ಕೋಟ್. ವೈರು ಕಬ್ಬಿಣಕ್ಕೆ ಸರಿಯಾಗಿ ತಾಗುತ್ತಲೇ ಇರಲಿಲ್ಲ.

"ಅಲ್ಲಯ್ಯಾ, ಅರ್ತ್ ಜಾಗಕ್ಕೆ ಯಾರಾದ್ರೂ ಬಣ್ಣ ಹೊಡೀತಾರಾ? ಬುದ್ಧಿ ಎಲ್ಲಿಟ್ಟಿದ್ದೆ?"

ಅವನು ನೆಲ ನೋಡಿದ. "ಬೋಲ್ಟ್ ಬಿಚ್ಚಿ ಕೊಟ್ಟಿದ್ದು ನೀವೇ ಭಾವ. ಇಷ್ಟು ಜಾಗ ಬಿಡ್ಲಾ ಅಂತ ಕೇಳ್ದೆ. ಉಗುರಿನಷ್ಟೂ ಬಿಡ್ಬೇಡ, ನಿನ್ನ ಕೆಲ್ಸ ನೋಡ್ಕೋ ಅಂದ್ರಿ."

ಅಂದಿದ್ದೆ. ಬೇರೇನೋ ಯೋಚನೆಯಲ್ಲಿ, ತಲೆಯೆತ್ತದೆ ಅಂದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವನು ಜೇಬಿನಿಂದ ಉಪ್ಪುಕಾಗದ ತೆಗೆದು, ತಾನೇ ಬಳಿದ ಬಣ್ಣವನ್ನು ತಾನೇ ಉಜ್ಜಿ ತೆಗೆದ. ಬೋಲ್ಟ್ ಬಿಗಿದೆ. ತಂಗಿ ಕೀ ತಿರುಗಿಸಿದಳು. ಒಂದೇ ಏಟಿಗೆ ಸ್ಟಾರ್ಟ್! ಏಳು ಇಪ್ಪತ್ತೆಂಟು.

"ಇನ್ಮೇಲಾದ್ರೂ ಇವರಿಗೆ ಒಂದು ಮಾತಾಡೋಕೆ ಬಿಡಣ್ಣ" ಎಂದವಳೇ ಹೊರಟುಹೋದಳು.

ನಾವಿಬ್ಬರೇ ಉಳಿದೆವು. "ಬೇರೆ ಎಲ್ಲಾದ್ರೂ ಹೀಗೇ ಬಳಿದಿದೀಯಾ?" ಎಂದು ಕೇಳಿದೆ.

ಅವನು ಬಾಯಿ ತೆರೆದ. ನನ್ನ ಮುಖ ನೋಡಿದ. "ಏನಿಲ್ಲ ಬಿಡಿ ಭಾವ" ಎಂದ.

"ಬೈಯಲ್ಲ, ಹೇಳಪ್ಪಾ" ಎಂದೆ.

ಅವನು ನಂಬಲಿಲ್ಲ.