ರೇಷ್ಮೆಯ ಪುಸ್ತಕವನ್ನು ಎಲ್ಲಿ ಹುಡುಕಬೇಕು?

ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ಲಕ್ಷ್ಮಿದೇವಮ್ಮನ ಮನೆಯಲ್ಲಿ ಮತ್ತೆ ರೇಷ್ಮೆ ಹುಳು ಸಾಯತೊಡಗಿದವು. ಸತ್ತ ಹುಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಸಾಕಣೆಯ ತಟ್ಟೆಯಲ್ಲಿ ಬಿದ್ದಿರುತ್ತಿತ್ತು. ಊರಿನವರು ಇದನ್ನು ಸುಣ್ಣಕಟ್ಟು ರೋಗ ಎನ್ನುತ್ತಾರೆ. ಹಿಂದಿನ ಬೆಳೆ ಪೂರ್ತಿ ಹೀಗೆಯೇ ಹೋಗಿತ್ತು. ಇದೂ ಹೋದರೆ ಹಿಪ್ಪುನೇರಳೆ ಕಿತ್ತು ರಾಗಿ ಹಾಕುತ್ತೇನೆ ಎಂದು ಗಂಡ ವೆಂಕಟರವಣಪ್ಪ ಹೇಳಿಬಿಟ್ಟಿದ್ದ. ಹುಳು ಸಾಕುತ್ತಿದ್ದವಳು ಲಕ್ಷ್ಮಿದೇವಮ್ಮ. ಅದು ನಿಂತರೆ ಅವಳು ಕೂಲಿಗೆ ಹೋಗಬೇಕು.

ಯಾರದೋ ಕಣ್ಣು ತಾಗಿದೆ ಎಂದು ಪಕ್ಕದ ಮನೆಯ ಕೋನಪ್ಪ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಸಿದ. ಹುಳು ಸಾಯುವುದು ನಿಲ್ಲಲಿಲ್ಲ. ಏಳನೇ ಕ್ಲಾಸು ಓದಿದ್ದ ಲಕ್ಷ್ಮಿದೇವಮ್ಮನಿಗೆ ಪೇಟೆಯ ಲೈಬ್ರರಿ ನೆನಪಾಯಿತು.

"ಪುಸ್ತಕ ನೋಡ್ಕೊಂಡು ಹುಳ ಸಾಕ್ತಾರೇನೇ? ಹೋಗು, ಬರ್ತಾ ಹುಳಕ್ಕೂ ಒಂದು ಸ್ಲೇಟು ತಗೊಂಡು ಬಾ" ಎಂದು ವೆಂಕಟರವಣಪ್ಪ ನಕ್ಕ. ಅವಳು ಬಸ್ಸು ಹತ್ತಿದಳು.

ಓದುಗರ ಸಂಘ ನಡೆಸುತ್ತಿದ್ದ ಲೈಬ್ರರಿ ಅದು. ಅಲ್ಲಿ ಮರದ ಡ್ರಾಯರುಗಳಲ್ಲಿ ಕಾರ್ಡುಗಳಿದ್ದವು. ಪುಸ್ತಕ ಯಾವ ವಿಷಯದ್ದು ಎಂದು ಕಾರ್ಡಿನ ಮೇಲ್ಭಾಗದಲ್ಲಿ ಬರೆದಿರುತ್ತದೆ. ಇದನ್ನು ವಿಷಯ ಶೀರ್ಷಿಕೆ ಎನ್ನುತ್ತಾರೆ. ಪುಸ್ತಕದ ಹೆಸರು ಗೊತ್ತಿಲ್ಲದವರಿಗೆ ಇದೇ ದಾರಿ. ಲಕ್ಷ್ಮಿದೇವಮ್ಮ 'ರೇಷ್ಮೆ' ಹುಡುಕಿದಳು. ಇರಲಿಲ್ಲ. 'ಹುಳು' ಇರಲಿಲ್ಲ. 'ಸುಣ್ಣಕಟ್ಟು' ಕೂಡ ಇರಲಿಲ್ಲ. ಕಾರ್ಡು ಇಲ್ಲ ಅಂದರೆ ಪುಸ್ತಕವೂ ಇಲ್ಲ ಎಂದು ಲೈಬ್ರರಿ ನೋಡಿಕೊಳ್ಳುವ ಚಲಪತಿ ಹೇಳಿದರು.

ಅವಳು ಮೆಟ್ಟಿಲ ಮೇಲೆ ಕುಳಿತಿದ್ದಾಗ ಹಫೀಜಾ ಬಂದಳು. ಹಫೀಜಾ ಗೂಡಿನಿಂದ ನೂಲು ಬಿಚ್ಚುವವರ ಮನೆಯ ಮಗಳು, ಹುಡುಗಿಯರ ಶಾಲೆಯಲ್ಲಿ ಮೇಡಂ. ಲಕ್ಷ್ಮಿದೇವಮ್ಮನ ಗೂಡನ್ನು ಅವರ ಮನೆಯವರೇ ಎಷ್ಟೋ ಸಲ ಕೊಂಡಿದ್ದರು. ವಿಷಯ ಕೇಳಿ ಅವಳಿಗೆ ಅನುಮಾನ ಬಂತು. ರೇಷ್ಮೆಯ ಊರಿನಲ್ಲಿ ರೇಷ್ಮೆಯ ಪುಸ್ತಕ ಇಲ್ಲದಿರುತ್ತದೆಯೇ? ಇಬ್ಬರೂ ಒಳಗೆ ಹೋಗಿ ಬೀರುಗಳನ್ನೇ ಒಂದೊಂದಾಗಿ ನೋಡಿದರು. ಉಪ್ಪಿನಕಾಯಿ ಮತ್ತು ಕಸೂತಿಯ ಪುಸ್ತಕಗಳ ನಡುವೆ ಅದು ಸಿಕ್ಕಿತು. ರೇಷ್ಮೆ ಹುಳುವಿನ ರೋಗಗಳ ಬಗ್ಗೆಯೇ ಇದ್ದ ಪುಸ್ತಕ. ಅದರ ಕಾರ್ಡಿನ ಮೇಲೆ 'ಹೆಂಗಸರ ಬಿಡುವಿನ ಕೆಲಸ' ಎಂದಿತ್ತು.

ಮನೆಯೊಳಗೆ ಹೆಂಗಸರು ಮಾಡುವ ಕೆಲಸ ತಾನೇ, ಅದಕ್ಕೇ ಅಲ್ಲಿ ಸೇರಿಸಿದೆ ಎಂದರು ಚಲಪತಿ.

ಲಕ್ಷ್ಮಿದೇವಮ್ಮ ಕಾರ್ಡನ್ನು ಮತ್ತೊಮ್ಮೆ ಓದಿದಳು. "ಬಿಡುವಿನ ಕೆಲಸ ಅಂತ ಯಾರು ಹೇಳಿದ್ರು ಸಾರ್? ಕೊನೇ ಜ್ವರ ಎದ್ದು ಪೊರೆ ಬಿಟ್ಟ ಹುಳ ಮೇಯೋಕೆ ಶುರು ಮಾಡಿದ್ರೆ ನನಗೆ ಅನ್ನ ಉಣ್ಣೋಕೂ ಬಿಡುವಿರಲ್ಲ. ನಾನು ಅಲ್ಲಿ ಯಾಕೆ ಹುಡುಕ್ಲಿ?"

ಚಲಪತಿ ಕನ್ನಡಕ ತೆಗೆದು ಒರೆಸಿಕೊಂಡರು. ಆದರೂ ಒಪ್ಪಲಿಲ್ಲ. ಒಂದು ಪುಸ್ತಕಕ್ಕೆ ಒಂದೇ ಜಾಗ, ಬಂದವರೆಲ್ಲ ಒಂದೊಂದು ಹೆಸರು ಹೇಳಿದರೆ ಎಷ್ಟಂತ ಬರೆಯುವುದು ಎಂದರು.

"ಪುಸ್ತಕ ಒಂದೇ ಕಡೆ ಇರ್ಲಿ ಸಾರ್, ಕಾರ್ಡು ನಾಕು ಕಡೆ ಇರ್ಬಹುದಲ್ಲ" ಎಂದಳು ಹಫೀಜಾ. ತನ್ನ ಮನಸ್ಸಿನಲ್ಲಿದ್ದ ಇನ್ನೊಂದನ್ನೂ ಹೇಳಿದಳು. "ಉರ್ದು ಕಥೆಗಳ ಕನ್ನಡ ಪುಸ್ತಕಾನ ನೀವು 'ಪರದೇಶದ ಸಾಹಿತ್ಯ'ದಲ್ಲಿ ಇಟ್ಟಿದ್ದೀರ. ನಾನು ಹುಟ್ಟಿದ್ದು ಇದೇ ಬೀದೀಲಿ ಸಾರ್."

ಚಲಪತಿ ಮೇಜಿನಿಂದ ಖಾಲಿ ಕಾರ್ಡುಗಳನ್ನು ತೆಗೆದು, "ನೀವೇ ಹೇಳ್ರಮ್ಮ, ಏನಂತ ಬರೀಲಿ?" ಎಂದರು. 'ರೇಷ್ಮೆ ಹುಳು ಸಾಕಣೆ' ಎಂದು ಒಂದು, 'ಸುಣ್ಣಕಟ್ಟು ರೋಗ' ಎಂದು ಇನ್ನೊಂದು. ರೇಷ್ಮೆ ಇಲಾಖೆಯ ಆಫೀಸಿನವರು ಬಳಸುವ 'ಮಸ್ಕಾರ್ಡಿನ್' ಎಂಬ ಹೆಸರಿಗೂ ಒಂದು ಕಾರ್ಡು ಬರೆದು, ಅದರಲ್ಲಿ 'ಸುಣ್ಣಕಟ್ಟು ರೋಗ ನೋಡಿ' ಎಂದು ಸೇರಿಸಿದರು. ಅದೇ ಬೀರುವಿನಲ್ಲಿದ್ದ ರೇಷ್ಮೆಯ ಇನ್ನೊಂದು ಪುಸ್ತಕಕ್ಕೂ 'ರೇಷ್ಮೆ ಹುಳು ಸಾಕಣೆ' ಎಂದೇ ಕಾರ್ಡು ಮಾಡಿದರು. ಉರ್ದು ಕಥೆಗಳಿಗೆ 'ಉರ್ದು ಕಥೆಗಳು' ಎಂದೇ ಬರೆದರು. ಹಳೆಯ ಕಾರ್ಡುಗಳನ್ನು ತಾವೇ ಹರಿದರು.

ಪುಸ್ತಕ ಓದಿದ ಮೇಲೆ ಲಕ್ಷ್ಮಿದೇವಮ್ಮನಿಗೆ ತಪ್ಪು ತಿಳಿಯಿತು. ಸತ್ತ ಹುಳುವನ್ನು ಅವಳು ಮನೆ ಹಿಂದಿನ ತಿಪ್ಪೆಗೆ ಎಸೆಯುತ್ತಿದ್ದಳು. ಅದರ ಬಿಳಿ ಪುಡಿ ಗಾಳಿಯಲ್ಲಿ ಹಾರಿ ರೋಗ ಮತ್ತೆ ಒಳಗೆ ಬರುತ್ತಿತ್ತು. ಚಳಿಯಲ್ಲಿ ಒದ್ದೆ ಸೊಪ್ಪು ಹಾಕಿದ್ದೂ ತಪ್ಪಾಗಿತ್ತು. ಈಗ ಸತ್ತ ಹುಳುವನ್ನು ಕೈಯಿಂದ ಮುಟ್ಟದೆ ಆರಿಸಿ ಸುಟ್ಟಳು. ಸೊಪ್ಪನ್ನು ಒಣಗಿಸಿ ಹಾಕಿದಳು. ರೇಷ್ಮೆ ಇಲಾಖೆಯವರನ್ನು ಕೇಳಿ ಔಷಧದ ಪುಡಿ ಉದುರಿಸಿದಳು. ಕೆಲವು ತಟ್ಟೆ ಹೋದವು. ಉಳಿದ ಹುಳು ಗೂಡು ಕಟ್ಟಿದವು.

ಮುಂದಿನ ವಾರ ಗೂಡು ಮಾರಲು ಹೋದ ವೆಂಕಟರವಣಪ್ಪ ಮನೆಗೆ ತಡವಾಗಿ ಬಂದ. ಅವನ ಕಂಕುಳಲ್ಲಿ, ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣದ ಹತೋಟಿಯ ಪುಸ್ತಕವಿತ್ತು. 'ರೇಷ್ಮೆ' ಡ್ರಾಯರಿನಲ್ಲಿ ನಾನೇ ಹುಡುಕಿದೆ ಎಂದ. ಹಿಪ್ಪುನೇರಳೆ ಕೀಳುವ ಮಾತು ಎತ್ತಲಿಲ್ಲ. "ಓದು, ನಾನೂ ಕೇಳ್ತೀನಿ" ಎಂದು ಹೆಂಡತಿಯ ಪಕ್ಕದಲ್ಲಿ ಕುಳಿತ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಲೈಬ್ರರಿಗೆ ಹೋಗಿ ನಿಮ್ಮ ಕಸುಬಿನ ಹೆಸರನ್ನು ಡ್ರಾಯರಿನಲ್ಲಿ ಹುಡುಕಿ. ನೀವು ಆಡುವ ಮಾತಿನಲ್ಲಿ ಅದು ಸಿಗದಿದ್ದರೆ, ಅಥವಾ ಸಿಕ್ಕ ಹೆಸರು ನಿಮ್ಮನ್ನು ಕೀಳಾಗಿಸಿದರೆ, ಸುಮ್ಮನೆ ವಾಪಸು ಬರಬೇಡಿ. ಒಂದು ಚೀಟಿಯಲ್ಲಿ ನಿಮ್ಮ ಮಾತನ್ನು ಬರೆದು ಕೊಡಿ. ಲೈಬ್ರರಿ ನೋಡಿಕೊಳ್ಳುವವರೇ, ಕಾರ್ಡು ಬರೆಯುವ ಮೊದಲು ಆ ಕೆಲಸ ಮಾಡುವವರನ್ನು ಒಂದು ಮಾತು ಕೇಳಿ. ಬೇಕಾದವರ ಕೈಗೆ ಸಿಗದ ಪುಸ್ತಕ ಬೀರುವಿನಲ್ಲಿ ಇದ್ದೂ ಇಲ್ಲದ ಹಾಗೆಯೇ.